ರಸಾಯನಶಾಸ್ತ್ರವೆಲ್ಲ ಕೊನೆಗೆ ಭೌತಶಾಸ್ತ್ರವೇ? ನಾಲ್ಕು ಉತ್ತರಗಳು, ಅವುಗಳಲ್ಲಿ ನಿಮ್ಮದು ಯಾವುದು

ಬಿಎಸ್‌ಸಿ ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ಎರಡು ವಾರ ನಮ್ಮ ಮನೆಯ ಕಟ್ಟೆ ಖಾಲಿ ಇರುವುದಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಓದುವವರು, ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವವರು, ವಾರಕ್ಕೊಮ್ಮೆ ಗದಗ, ಹಾವೇರಿ ಕಡೆಯ ಊರುಗಳಿಗೆ ಹೋಗಿ ರೊಟ್ಟಿಯ ಗಂಟು ಹೊತ್ತು ಮರಳುವವರು, ಎಲ್ಲರೂ ಕೇಳುವುದು ಒಂದೇ: ಎಂಎಸ್‌ಸಿಗೆ ಭೌತಶಾಸ್ತ್ರ ಹಿಡಿಯಲೋ, ರಸಾಯನಶಾಸ್ತ್ರ ಹಿಡಿಯಲೋ? ಇಪ್ಪತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ನನ್ನ ಬಳಿ ಒಂದು ಸಿದ್ಧ ಉತ್ತರವಿತ್ತು: ಯಾವುದರಲ್ಲಿ ಮನಸ್ಸಿದೆಯೋ ಅದನ್ನು ಹಿಡಿ. ಈ ವರ್ಷ ಬ್ಯಾಡಗಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಆ ಉತ್ತರಕ್ಕೆ ಸಮಾಧಾನಗೊಳ್ಳಲಿಲ್ಲ. "ಮೇಡಂ, ರಸಾಯನಶಾಸ್ತ್ರದಲ್ಲಿರುವುದೆಲ್ಲ ಎಲೆಕ್ಟ್ರಾನು, ನ್ಯೂಕ್ಲಿಯಸ್ಸುಗಳ ಆಟ. ಆಟದ ನಿಯಮ ಭೌತಶಾಸ್ತ್ರದ್ದು. ಹಾಗಿದ್ದರೆ ನಾನು ಬೇರು ಬಿಟ್ಟು ಟೊಂಗೆಯನ್ನೇಕೆ ಹಿಡಿಯಬೇಕು?" ಎಂದಳು.

ಇದು ಕೋರ್ಸು ಆರಿಸುವ ಪ್ರಶ್ನೆಗಿಂತ ಆಳದ ಪ್ರಶ್ನೆ. 1786ರಲ್ಲಿ ಕಾಂಟ್ ಎಂಬ ಜರ್ಮನ್ ತತ್ತ್ವಜ್ಞಾನಿ, ಗಣಿತಕ್ಕೆ ಒಗ್ಗದ ಕಾರಣ ರಸಾಯನಶಾಸ್ತ್ರವನ್ನು ನಿಜವಾದ ವಿಜ್ಞಾನವೆನ್ನಲು ಬರುವುದಿಲ್ಲ, ಅದೊಂದು ವ್ಯವಸ್ಥಿತ ಕಲೆ ಎಂದು ಬರೆದ. ಅಂದಿನಿಂದ ಈ ಜಗಳ ನಡೆದೇ ಇದೆ. 'ರಸಾಯನಶಾಸ್ತ್ರದ ತತ್ತ್ವಜ್ಞಾನ' ಎಂಬ ಹೆಸರಿನಲ್ಲಿ ಅದು ಒಂದು ಅಧ್ಯಯನವಾಗಿ ಗಟ್ಟಿಯಾದದ್ದು 1990ರ ದಶಕದಲ್ಲಿ. 1997ರಲ್ಲಿ ಇದಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿತು. ನಮ್ಮ ಪಠ್ಯಕ್ರಮದಲ್ಲಿ ಇದರ ಒಂದು ಸಾಲೂ ಇಲ್ಲ ಎನ್ನುವುದು ನನಗೆ ಬಹಳ ನೋವಿನ ಸಂಗತಿ. ಮಕ್ಕಳು ಒಂದು ನಿಲುವನ್ನು ತಮಗೆ ಗೊತ್ತಿಲ್ಲದೆಯೇ ಹೊತ್ತುಕೊಂಡು, ಅದರ ಬಲದ ಮೇಲೆ ಬದುಕಿನ ದಾರಿಯನ್ನೇ ನಿರ್ಧರಿಸುತ್ತಾರೆ. ಬ್ಯಾಡಗಿಯ ಆ ಹುಡುಗಿಯೂ ಹಾಗೆಯೇ ಬಂದಿದ್ದಳು.

ಇಂದು ಈ ಪ್ರಶ್ನೆಗೆ ಗಟ್ಟಿಯಾಗಿ ನಿಲ್ಲುವ ಉತ್ತರಗಳು ನಾಲ್ಕಿವೆ. ಒಂದೊಂದನ್ನೂ ತೂಗಿ ನೋಡೋಣ.

ಮೊದಲು ಒರೆಗಲ್ಲು

ಯಾವ ನಿಲುವನ್ನೇ ಆಗಲಿ ನಾನು ನಾಲ್ಕು ಕಡೆ ಉಜ್ಜಿ ನೋಡುತ್ತೇನೆ. ಮೊದಲನೆಯದು ಲೆಕ್ಕದ ಪ್ರಾಮಾಣಿಕತೆ. ಕ್ವಾಂಟಂ ಸಿದ್ಧಾಂತದಿಂದ ಅಣುಗಳ ಲೆಕ್ಕ ಮಾಡುವವರು ನಿಜಕ್ಕೂ ಏನನ್ನು ಸಮೀಕರಣದಿಂದ ಪಡೆಯುತ್ತಾರೆ, ಏನನ್ನು ಕೈಯಾರೆ ಸೇರಿಸುತ್ತಾರೆ ಎಂಬುದನ್ನು ಆ ನಿಲುವು ಮುಚ್ಚಿಡಬಾರದು. ಎರಡನೆಯದು ಭಾಷೆ. ಬಂಧ, ಆಮ್ಲ, ಧಾತು, ಅಣುವಿನ ಆಕಾರ, ಇವು ರಸಾಯನಶಾಸ್ತ್ರಜ್ಞನ ದಿನಬಳಕೆಯ ಮಾತುಗಳು. ಇವುಗಳಿಗೆ ನ್ಯಾಯ ಸಿಗಬೇಕು. ಮೂರನೆಯದು ಇತಿಹಾಸ. ಎರಡು ವಿಜ್ಞಾನಗಳು ಒಂದನ್ನೊಂದು ಹೇಗೆ ಬೆಳೆಸಿದವು ಎಂಬುದಕ್ಕೆ ಅದು ಹೊಂದಬೇಕು. ನಾಲ್ಕನೆಯದು ಖರ್ಚು: ಆ ನಿಲುವನ್ನು ಮನಃಪೂರ್ವಕವಾಗಿ ಹಿಡಿಯಲು ಎಷ್ಟು ಗಣಿತ ಕಲಿಯಬೇಕು, ಎಷ್ಟನ್ನು ಪುರಾವೆಯಿಲ್ಲದೆ ನಂಬಬೇಕು?

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಣುವಿನೊಳಗೆ ಭೌತಶಾಸ್ತ್ರಕ್ಕೆ ಗೊತ್ತಿಲ್ಲದ ಬೇರೊಂದು ದ್ರವ್ಯವಿದೆ ಎಂದು ಈ ನಾಲ್ವರಲ್ಲಿ ಯಾರೂ ಹೇಳುವುದಿಲ್ಲ. ಉಪ್ಪು, ಸಕ್ಕರೆ, ಪೇಢೆ ಎಲ್ಲವೂ ಅವೇ ಕಣಗಳಿಂದ ಆದವು. 'ಏನಿದೆ' ಎಂಬುದರಲ್ಲಿ ತಕರಾರು ಕಡಿಮೆ. 'ಹೇಗೆ ವಿವರಿಸುತ್ತೇವೆ' ಎಂಬುದರಲ್ಲಿ ಹೆಚ್ಚು. ಕಟ್ಟೆಯ ಮೇಲಿನ ವಾದಗಳಲ್ಲಿ ಅರ್ಧಕ್ಕರ್ಧ ಈ ಎರಡನ್ನು ಬೆರೆಸುವುದರಿಂದಲೇ ಹುಟ್ಟುತ್ತವೆ.

ಒಂದು: ಇಳಿಕೆವಾದ

ರಸಾಯನಶಾಸ್ತ್ರದ ಪ್ರತಿಯೊಂದು ಸಂಗತಿಯನ್ನೂ ತತ್ತ್ವತಃ ಭೌತಶಾಸ್ತ್ರಕ್ಕೆ ಇಳಿಸಬಹುದು ಎನ್ನುವುದು ಈ ನಿಲುವು. ಇದರ ಅತ್ಯಂತ ಪ್ರಸಿದ್ಧ ಹೇಳಿಕೆ ಭೌತವಿಜ್ಞಾನಿ ಪಾಲ್ ಡಿರಾಕ್ 1929ರಲ್ಲಿ ಬರೆದದ್ದು: ಭೌತಶಾಸ್ತ್ರದ ಬಹುಭಾಗಕ್ಕೂ ಇಡೀ ರಸಾಯನಶಾಸ್ತ್ರಕ್ಕೂ ಬೇಕಾದ ಮೂಲ ನಿಯಮಗಳು ಪೂರ್ತಿ ಗೊತ್ತಾಗಿವೆ, ಅವುಗಳಿಂದ ಬರುವ ಸಮೀಕರಣಗಳು ಬಿಡಿಸಲಾರದಷ್ಟು ಜಟಿಲವಾಗಿರುವುದೊಂದೇ ಕಷ್ಟ. ತರಗತಿಗಳಲ್ಲಿ ಈ ಮಾತಿನ ಮೊದಲ ಅರ್ಧವನ್ನಷ್ಟೇ ಹೇಳುತ್ತಾರೆ. ಅದೇ ಉಸಿರಿನಲ್ಲಿ ಆತ, ಆದ್ದರಿಂದ ಅಂದಾಜಿನ ವಿಧಾನಗಳನ್ನು ಬೆಳೆಸಬೇಕು ಎಂದೂ ಸೇರಿಸಿದ್ದ.

ಈ ನಿಲುವಿನ ಗೆಲುವುಗಳು ಸಣ್ಣವಲ್ಲ. 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಇಬ್ಬರೂ ಹೈಡ್ರೋಜನ್ ಅಣುವಿನ ಬಂಧವನ್ನು ಕ್ವಾಂಟಂ ಸಿದ್ಧಾಂತದಿಂದ ಲೆಕ್ಕ ಹಾಕಿದರು. ಬಂಧದ ಶಕ್ತಿಯ ಸುಮಾರು ಮೂರನೇ ಎರಡು ಭಾಗ ಮಾತ್ರ ಕೈಗೆ ಸಿಕ್ಕಿತು, ಆದರೆ ಎರಡು ತಟಸ್ಥ ಪರಮಾಣುಗಳು ಏಕೆ ಅಂಟಿಕೊಳ್ಳುತ್ತವೆ ಎಂಬುದು ಮೊದಲ ಬಾರಿಗೆ ಅರ್ಥವಾಯಿತು. 1960ರ ದಶಕದಲ್ಲಿ ಕೊಲೋಸ್ ಮತ್ತು ವೊಲ್ನೀವಿಚ್ ಅದೇ ಅಣುವಿನ ಲೆಕ್ಕವನ್ನು ಎಷ್ಟು ಸೂಕ್ಷ್ಮವಾಗಿ ಮಾಡಿದರೆಂದರೆ, ಉತ್ತರ ಪ್ರಯೋಗದ ಅಳತೆಗೆ ಕೂಡಲಿಲ್ಲ. ತಪ್ಪಿದ್ದದ್ದು ಅಳತೆಯಲ್ಲಿ! ಹರ್ಟ್ಸ್‌ಬರ್ಗ್ ಮತ್ತೆ ಅಳೆದು 1970ರಲ್ಲಿ ಲೆಕ್ಕದ ಕಡೆಗೇ ಬಂದ. ಈ ಪ್ರಸಂಗ ಹೇಳುವಾಗ ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತದೆ.

ಗದಗ ಕಡೆಯಿಂದ ಬಂದವರಿಗೆ ನಾನು ಕಪ್ಪತಗುಡ್ಡದ ಚಿನ್ನದ ನೆನಪು ಮಾಡಿಕೊಡುತ್ತೇನೆ. ಬೆಳ್ಳಿ ಬಿಳಿಯಾಗಿರುವಾಗ ಚಿನ್ನ ಏಕೆ ಹಳದಿ? ಚಿನ್ನದ ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನುಗಳಿವೆ. ಅದರ ಸೆಳೆತದಲ್ಲಿ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ದೊಡ್ಡ ಪಾಲಿನಷ್ಟು ವೇಗದಲ್ಲಿರುತ್ತವೆ. ಐನ್‌ಸ್ಟೈನರ ಸಾಪೇಕ್ಷತೆಯನ್ನು ಸೇರಿಸದೆ ಲೆಕ್ಕ ಸರಿಹೋಗುವುದಿಲ್ಲ. ಸೇರಿಸಿದಾಗ ಶಕ್ತಿಮಟ್ಟಗಳ ಅಂತರ ಕುಗ್ಗಿ, ಚಿನ್ನ ನೀಲಿ ಬೆಳಕನ್ನು ಹೀರುತ್ತದೆ, ಹಳದಿಯಾಗಿ ಕಾಣುತ್ತದೆ. ಸೀಸದ ಬ್ಯಾಟರಿಯ ಕಥೆ ಇನ್ನೂ ಸೊಗಸು. 2011ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕಾರಿನ 12 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 10 ವೋಲ್ಟ್ ಬರುವುದು ಸಾಪೇಕ್ಷತೆಯ ಪರಿಣಾಮದಿಂದ. ಆವರ್ತ ಕೋಷ್ಟಕವನ್ನು ಎಷ್ಟು ದಿಟ್ಟಿಸಿದರೂ ಈ ಸಂಖ್ಯೆ ಸಿಗುವುದಿಲ್ಲ. ಅದಕ್ಕೆ ಭೌತಶಾಸ್ತ್ರವೇ ಬೇಕು.

ಬ್ಯಾಡಗಿಯ ಹುಡುಗಿಗೆ ಅವಳ ಊರಿನ ಕಾಯಿಯನ್ನೇ ಹಿಡಿದು ಹೇಳಿದೆ. ಡಬ್ಬಿ ಮೆಣಸಿನಕಾಯಿಯ ಕಡುಗೆಂಪು ಮುಖ್ಯವಾಗಿ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯದ್ದು. ಖಾರ ಕ್ಯಾಪ್ಸೈಸಿನ್ ಎಂಬ ಬೇರೆಯೇ ಅಣುವಿನದು. ಮೊದಲನೆಯದು ಹೇರಳವಾಗಿದ್ದು ಎರಡನೆಯದು ಕಡಿಮೆ ಇರುವುದರಿಂದಲೇ ಸಾರು ಕೆಂಪಗಾದರೂ ನಾಲಿಗೆ ಸುಡುವುದಿಲ್ಲ. ಕ್ಯಾಪ್ಸಾಂಥಿನ್‌ನಲ್ಲಿ ಒಂದು ಬಿಟ್ಟು ಒಂದು ದ್ವಿಬಂಧವಿರುವ ಉದ್ದನೆಯ ಇಂಗಾಲದ ಸರಪಳಿಯಿದೆ. ಅದರ ಉದ್ದಕ್ಕೂ ಎಲೆಕ್ಟ್ರಾನುಗಳು ಹರಡಿಕೊಳ್ಳುತ್ತವೆ. ಬಿಎಸ್‌ಸಿಯಲ್ಲಿ ನಾವು ಮಾಡಿಸುವ 'ಪೆಟ್ಟಿಗೆಯೊಳಗಿನ ಕಣ'ದ ಲೆಕ್ಕವನ್ನು, ಅಂದರೆ ಸರಪಳಿಯನ್ನೇ ಎಲೆಕ್ಟ್ರಾನು ಕೂಡಿಹಾಕಿದ ಪೆಟ್ಟಿಗೆ ಎಂದುಕೊಂಡು ಮಾಡುವ ಲೆಕ್ಕವನ್ನು, ಇಲ್ಲಿ ಹಚ್ಚಿದರೆ, ಪೆಟ್ಟಿಗೆ ಉದ್ದವಾದಷ್ಟೂ ಶಕ್ತಿಮಟ್ಟಗಳು ಹತ್ತಿರವಾಗುತ್ತವೆ, ಅಣು ನೀಲಿ-ಹಸಿರು ಬೆಳಕನ್ನು ಹೀರಿ ಕೆಂಪನ್ನು ನಮಗೆ ಬಿಡುತ್ತದೆ ಎಂದು ತಿಳಿಯುತ್ತದೆ. ಅವಳ ಮುಖ ಅರಳಿತು. "ಅಂದರೆ ನಾನು ಹೇಳಿದ್ದೇ ಸರಿ" ಎಂದಳು.

ಪೆಟ್ಟಿಗೆಯ ಉದ್ದ ನಿನಗೆ ಎಲ್ಲಿಂದ ಸಿಕ್ಕಿತು, ಎಂದು ಕೇಳಿದೆ. ರಸಾಯನಶಾಸ್ತ್ರಜ್ಞರು ಬರೆದಿಟ್ಟ ರಚನಾಸೂತ್ರದಿಂದ. ಅವಳು ಸುಮ್ಮನಾದಳು.

ಒಂದು ಸೂತ್ರ, ಎರಡು ಬಾಟಲಿ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾಲ್ಕೂ ನಿಲುವುಗಳು ಕವಲೊಡೆಯುವ ಜಾಗ ಇದೇ. ನಾನು ತರಗತಿಯಲ್ಲಿ ಹಲಗೆಯ ಮೇಲೆ ಎರಡು ಇಂಗಾಲ, ಆರು ಹೈಡ್ರೋಜನ್, ಒಂದು ಆಮ್ಲಜನಕ ಎಂದು ಬರೆಯುತ್ತೇನೆ. ಒಟ್ಟು ಒಂಬತ್ತು ನ್ಯೂಕ್ಲಿಯಸ್ಸು, 26 ಎಲೆಕ್ಟ್ರಾನು. ಇವುಗಳ ಚಲನಶಕ್ತಿ, ಪರಸ್ಪರ ಆಕರ್ಷಣೆ, ವಿಕರ್ಷಣೆ ಎಲ್ಲವನ್ನೂ ಕೂಡಿಸಿ ಹ್ಯಾಮಿಲ್ಟೋನಿಯನ್, ಅಂದರೆ ಒಟ್ಟು ಶಕ್ತಿಯ ಗಣಿತರೂಪ, ಬರೆಯಿರಿ ಎನ್ನುತ್ತೇನೆ. ಚುರುಕಿನ ಮಕ್ಕಳು ಹತ್ತು ನಿಮಿಷದಲ್ಲಿ ಬರೆದು ಮುಗಿಸುತ್ತಾರೆ. ಇದು ಯಾವ ವಸ್ತು ಎಂದು ಆಗ ಕೇಳುತ್ತೇನೆ.

ಎಥನಾಲ್ ಎಂದು ಮೊದಲ ಬೆಂಚು ಕೂಗುತ್ತದೆ. ಸ್ಯಾನಿಟೈಸರಿನ ಮದ್ಯಸಾರ, ಕುದಿಯುವುದು 78 ಡಿಗ್ರಿಯಲ್ಲಿ. ಹಿಂದಿನಿಂದ ಯಾರೋ ಒಬ್ಬರು ಕೈ ಎತ್ತುತ್ತಾರೆ: ಡೈಮಿಥೈಲ್ ಈಥರ್ ಕೂಡ ಆಗಬಹುದಲ್ಲ? ಅದು ಮೈನಸ್ 24 ಡಿಗ್ರಿಯಲ್ಲೇ ಕುದಿಯುತ್ತದೆ, ಕೋಣೆಯಲ್ಲಿ ಅನಿಲ. ಎರಡಕ್ಕೂ ಅವೇ ಕಣಗಳು, ಹಲಗೆಯ ಮೇಲಿನ ಅದೇ ಹ್ಯಾಮಿಲ್ಟೋನಿಯನ್. ಯಾವ ಇಂಗಾಲ ಯಾವುದಕ್ಕೆ ಅಂಟಿದೆ ಎಂಬ ಮಾಹಿತಿ ಆ ಸಾಲಿನಲ್ಲಿ ಎಲ್ಲೂ ಇಲ್ಲ. ತರಗತಿ ನಿಶ್ಶಬ್ದವಾಗುತ್ತದೆ. ನಾನು ಆ ನಿಶ್ಶಬ್ದವನ್ನು ಬೇಗ ಮುರಿಯುವುದಿಲ್ಲ.

ಲೆಕ್ಕ ಮಾಡುವವರು ಇದನ್ನು ದಾಟುವುದು ಬಾರ್ನ್ ಮತ್ತು ಓಪನ್‌ಹೈಮರ್ 1927ರಲ್ಲಿ ಕೊಟ್ಟ ದಾರಿಯಿಂದ. ಪ್ರೋಟಾನು ಎಲೆಕ್ಟ್ರಾನಿಗಿಂತ ಸುಮಾರು 1,836 ಪಟ್ಟು ಭಾರ. ಆದ್ದರಿಂದ ನ್ಯೂಕ್ಲಿಯಸ್ಸುಗಳನ್ನು ಅಲುಗಾಡದಂತೆ ಒಂದು ಜಾಗದಲ್ಲಿ ನಿಲ್ಲಿಸಿ, ಎಲೆಕ್ಟ್ರಾನುಗಳ ಲೆಕ್ಕವನ್ನಷ್ಟೇ ಮಾಡು. ಒಳ್ಳೆಯದು. ಎಲ್ಲಿ ನಿಲ್ಲಿಸಬೇಕು? ಎಥನಾಲ್ ಬೇಕೆಂದರೆ ಎಥನಾಲ್‌ನಂತೆ, ಈಥರ್ ಬೇಕೆಂದರೆ ಈಥರ್‌ನಂತೆ. ಬ್ರಿಟನ್ನಿನ ಸೈದ್ಧಾಂತಿಕ ರಸಾಯನಶಾಸ್ತ್ರಜ್ಞ ಗಾಯ್ ವೂಲಿ 1978ರಲ್ಲಿ, ಅಣುವಿಗೆ ಆಕಾರ ಇರಲೇಬೇಕೇ ಎಂದು ನೇರವಾಗಿ ಕೇಳಿದರು. ಪೂರ್ತಿ ಹ್ಯಾಮಿಲ್ಟೋನಿಯನ್‌ನಿಂದ ಆಕಾರ ತಾನಾಗಿ ಉದುರುವುದಿಲ್ಲ, ನಾವು ಅದನ್ನು ಒಳಗೆ ಇಟ್ಟು ಹೊರಗೆ ತೆಗೆಯುತ್ತಿದ್ದೇವೆ ಎಂಬುದು ಅವರ ಆಕ್ಷೇಪ.

ಇಳಿಕೆವಾದಿಯ ಬಳಿ ಇದಕ್ಕೆ ಉತ್ತರವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನ್ಯೂಕ್ಲಿಯಸ್ಸುಗಳನ್ನು ಎಲ್ಲ ಸಾಧ್ಯ ಜಾಗಗಳಲ್ಲೂ ನಿಲ್ಲಿಸಿ ಲೆಕ್ಕ ಮಾಡಿದರೆ ಗುಡ್ಡ ಕಣಿವೆಗಳ ಒಂದು ನಕ್ಷೆ ಸಿಗುತ್ತದೆ. ಅದರಲ್ಲಿ ಎಥನಾಲ್ ಒಂದು ಕಣಿವೆ, ಈಥರ್ ಇನ್ನೊಂದು. ನಡುವೆ ಎತ್ತರದ ಗುಡ್ಡ. ಒಂದು ಕಣಿವೆಯಲ್ಲಿ ಬಿದ್ದ ಅಣು ಅಲ್ಲೇ ಇರುತ್ತದೆ. ಎದುರುವಾದಿ ಮತ್ತೆ ಹೇಳುತ್ತಾನೆ: ಆ ನಕ್ಷೆ ಹುಟ್ಟಿದ್ದೇ ನ್ಯೂಕ್ಲಿಯಸ್ಸುಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರಿಂದ. ಸುತ್ತಲಿನ ಅಣುಗಳ, ಬೆಳಕಿನ ಸಂಪರ್ಕವೇ ಆಕಾರವನ್ನು ಕಾಯುತ್ತದೆ ಎಂದು ಹೇಳುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ.

ಎಡಗೈ ಬಲಗೈ ಅಣುಗಳಲ್ಲಿ ಇದೇ ಗಂಟು ಇನ್ನೂ ಬಿಗಿಯಾಗುತ್ತದೆ. ಸಬ್ಬಸಿಗೆ ಬೀಜವನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಆ ಘಾಟಿನಲ್ಲಿ ಕಾರ್ವೋನ್ ಎಂಬ ಅಣುವಿದೆ. ಪುದೀನದ ಒಂದು ಜಾತಿಯಲ್ಲಿ ಇರುವುದೂ ಕಾರ್ವೋನೇ, ಆದರೆ ಕನ್ನಡಿಯೊಳಗಿನ ಬಿಂಬದಂತೆ ತಿರುವುಮುರುವಾದದ್ದು. ಮೂಲ ಸಮೀಕರಣಕ್ಕೆ ಎಡ ಬಲದ ಭೇದವಿಲ್ಲ, ಮೂಗಿಗೆ ಇದೆ.

ಇಳಿಕೆವಾದದ ಖರ್ಚನ್ನೂ ಹೇಳಬೇಕು. ರೇಖೀಯ ಬೀಜಗಣಿತ, ಸಮೂಹ ಸಿದ್ಧಾಂತ, ಕಂಪ್ಯೂಟರ್ ಪ್ರೋಗ್ರಾಮಿಂಗ್, ಇಷ್ಟಿಲ್ಲದೆ ಇದನ್ನು ಹಿಡಿಯುವುದೆಂದರೆ ಇನ್ನೊಬ್ಬರ ಮಾತನ್ನು ನಂಬಿ ಕೂಡುವುದು. ಹಣದ ಖರ್ಚು ಮಾತ್ರ ಕಡಿಮೆ. ಉಚಿತ ತಂತ್ರಾಂಶಗಳಿವೆ, ನೀರಿನಂಥ ಸಣ್ಣ ಅಣುವಿನ ಲೆಕ್ಕವನ್ನು ಸಾಧಾರಣ ಲ್ಯಾಪ್‌ಟಾಪ್ ಕೆಲವೇ ನಿಮಿಷದಲ್ಲಿ ಮಾಡುತ್ತದೆ.

ಎರಡು: ಹೊಮ್ಮುವಿಕೆ

ಬಿಡಿಗಳಲ್ಲಿ ಇಲ್ಲದ ಗುಣ ಇಡಿಯಲ್ಲಿ ಹೊಮ್ಮುತ್ತದೆ ಎನ್ನುವುದು ಎರಡನೆಯ ನಿಲುವು. ಇದನ್ನು ವಿವರಿಸಲು ನಮಗೆ ಪರದೇಶದ ಉದಾಹರಣೆ ಬೇಕಿಲ್ಲ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಜಗಿದಾಗ ಬಾಯಿ ಕೆಂಪು. ಚಾರ್ವಾಕರು ಇದೇ ತಾಂಬೂಲದ ದೃಷ್ಟಾಂತ ಕೊಟ್ಟು, ಜಡಭೂತಗಳ ಕೂಟದಿಂದ ಚೈತನ್ಯ ಹಾಗೆಯೇ ಹುಟ್ಟುತ್ತದೆ ಎಂದರು. ಇಡಿ ಮತ್ತು ಬಿಡಿಯ ವಾದದಲ್ಲಿ ನ್ಯಾಯ, ವೈಶೇಷಿಕರು ಇನ್ನೂ ಸೂಕ್ಷ್ಮಕ್ಕೆ ಹೋದರು. ಕುಂಬಾರನ ಆವಿಗೆಯಲ್ಲಿ ಹಸಿ ಮಡಕೆ ಕೆಂಪಾಗುವಾಗ ಬಣ್ಣ ಬದಲಾಗುವುದು ಯಾವುದರದ್ದು? ಮಡಕೆ ಪರಮಾಣುಗಳಾಗಿ ಒಡೆದು, ಪರಮಾಣುಗಳು ಕೆಂಪಾಗಿ, ಮತ್ತೆ ಕೂಡಿ ಮಡಕೆಯಾಗುತ್ತವೆ ಎಂದು ವೈಶೇಷಿಕರು, ಅದು ಪೀಲುಪಾಕ. ಒಡೆಯದೆ ಇಡೀ ಮಡಕೆಯೇ ಬೆಂದು ಬಣ್ಣ ಪಡೆಯುತ್ತದೆ ಎಂದು ನೈಯಾಯಿಕರು, ಅದು ಪಿಠರಪಾಕ. ಇಂದಿನ ರಸಾಯನಶಾಸ್ತ್ರ, ಜೇಡಿಯಲ್ಲಿನ ಕಬ್ಬಿಣದ ಸಂಯುಕ್ತಗಳು ಬೆಂಕಿಯಲ್ಲಿ ಕೆಂಪು ಆಕ್ಸೈಡ್ ಆಗುತ್ತವೆ ಎನ್ನುತ್ತದೆ. ಒಂಟಿ ಕಬ್ಬಿಣದ ಪರಮಾಣುವಿಗೆ ಆ ಕೆಂಪಿಲ್ಲ, ಆಮ್ಲಜನಕದೊಂದಿಗೆ ಅದು ಕೂಡಿದ ಜೋಡಣೆಗೆ ಇದೆ. ಇಬ್ಬರೂ ಪೂರ್ತಿ ಗೆಲ್ಲಲಿಲ್ಲ. ಪ್ರಶ್ನೆಯನ್ನು ಇಬ್ಬರೂ ಸರಿಯಾಗಿ ಹಿಡಿದಿದ್ದರು.

ಇಂದು ಈ ನಿಲುವನ್ನು ಬಲವಾಗಿ ಪ್ರತಿಪಾದಿಸುವವರಲ್ಲಿ ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ರಾಬಿನ್ ಹೆಂಡ್ರಿ ಪ್ರಮುಖರು. ಅಣುವಿನ ರಚನೆ ಮೂಲ ಸಮೀಕರಣದಿಂದ ಬರುವುದಿಲ್ಲ. ಇಡೀ ಅಣುವಿನ ರಚನೆಯೇ ತನ್ನೊಳಗಿನ ಕಣಗಳ ನಡೆಯನ್ನು ಕಟ್ಟುಪಾಡಿಗೆ ಒಳಪಡಿಸುತ್ತದೆ ಎನ್ನುವುದು ಅವರ ವಾದ. ಎಥನಾಲ್-ಈಥರ್ ಗಂಟಿಗೆ ಇದು ನೇರ ಉತ್ತರ. ಭೌತವಿಜ್ಞಾನಿಗಳಲ್ಲೂ ಇದಕ್ಕೆ ಹತ್ತಿರದ ದನಿ ಇದೆ. ಫಿಲಿಪ್ ಆಂಡರ್ಸನ್ 1972ರಲ್ಲಿ, ಸಂಖ್ಯೆ ಹೆಚ್ಚಿದಂತೆ ವಸ್ತುವೇ ಬೇರೆಯಾಗುತ್ತದೆ ಎಂದು ವಾದಿಸುವಾಗ ಅಮೋನಿಯ ಅಣುವನ್ನೇ ಎದುರಿಗಿಟ್ಟರು. ಅಮೋನಿಯ ಒಂದು ಪುಟ್ಟ ಪಿರಮಿಡ್ಡು. ಅದು ಗಾಳಿಗೆ ಮಗುಚಿದ ಛತ್ರಿಯಂತೆ ಸೆಕೆಂಡಿಗೆ ಸುಮಾರು 2,400 ಕೋಟಿ ಬಾರಿ ಒಳಹೊರಗಾಗುತ್ತದೆ. ಅಣು ದೊಡ್ಡದಾದಂತೆ, ಭಾರವಾದಂತೆ ಈ ಮಗುಚಾಟ ನಿಂತು, ಒಂದು ಖಚಿತ ಆಕಾರ ನೆಲೆಗೊಳ್ಳುತ್ತದೆ. ಮೂಲ ನಿಯಮ ಎಲ್ಲೂ ಮುರಿಯದಿದ್ದರೂ ದೊಡ್ಡ ಅಣುವನ್ನು ಅರಿಯಲು ಹೊಸ ಪರಿಕಲ್ಪನೆ ಬೇಕಾಗುತ್ತದೆ ಎಂಬುದು ಆಂಡರ್ಸನ್‌ರ ಮಾತು. ಹೆಂಡ್ರಿಯವರಷ್ಟು ದೂರ ಅವರು ಹೋಗಲಿಲ್ಲ, ಇದನ್ನು ಗಮನಿಸಿ.

ಇದರ ಖರ್ಚು ನಂಬಿಕೆಯದು. ಇಡಿ ತನ್ನ ಬಿಡಿಗಳ ಮೇಲೆ ಕೆಳಮುಖವಾಗಿ ಪ್ರಭಾವ ಬೀರುತ್ತದೆ ಎಂದು ಒಪ್ಪಬೇಕು, ಅದನ್ನು ನೇರವಾಗಿ ತೋರಿಸಿದ ಪ್ರಯೋಗವಿಲ್ಲ. ಒಂದು ಎಚ್ಚರಿಕೆಯ ಕಥೆಯೂ ಇದೆ. 1925ರಲ್ಲಿ ಬ್ರಿಟನ್ನಿನ ತತ್ತ್ವಜ್ಞಾನಿ ಸಿ. ಡಿ. ಬ್ರಾಡ್, ಬಿಡಿ ಧಾತುಗಳ ಜ್ಞಾನದಿಂದ ಸಂಯುಕ್ತದ ಗುಣವನ್ನು ಎಂದಿಗೂ ಹೇಳಲಾಗದು ಎಂದು ಬರೆದ. ಎರಡೇ ವರ್ಷದಲ್ಲಿ ಹೈಟ್ಲರ್, ಲಂಡನ್ ಬಂದರು. ಇಂದು ವಿವರಣೆ ಸಿಗದ್ದು ಎಂದೂ ಸಿಗದು ಎಂದು ಪಣ ಕಟ್ಟುವವರು ಈ ಎರಡು ವರ್ಷಗಳನ್ನು ಮರೆಯಬಾರದು. ಆದರೆ ಅದೇ ಬ್ರಾಡ್, ಎಷ್ಟೇ ಗಣಿತ ಬಲ್ಲ ದೇವದೂತನೂ ಅಮೋನಿಯದ ವಾಸನೆ ಹೇಗಿರುತ್ತದೆಂದು ಲೆಕ್ಕದಿಂದ ಹೇಳಲಾರ ಎಂದಿದ್ದ. ಆ ಮಾತು ಇನ್ನೂ ಬಿದ್ದಿಲ್ಲ.

ಮೂರು: ಸ್ವಾಯತ್ತತೆ, ಬಹುತ್ವ

ಪ್ರತಿ ವಿಜ್ಞಾನಕ್ಕೂ ತನ್ನದೇ ಗುರಿ, ತನ್ನದೇ ಕೈಕೆಲಸ. ಒಂದನ್ನು ಇನ್ನೊಂದಕ್ಕೆ ಇಳಿಸುವ ಹಟವೇ ಬೇಡ ಎನ್ನುವುದು ಇದು. ಕೇಂಬ್ರಿಜ್‌ನ ಹಸೋಕ್ ಚಾಂಗ್ ಇದರ ದೊಡ್ಡ ವಕ್ತಾರರು. ನೀರು ಎಂದರೆ ಎಚ್2ಒ ಎಂಬ ವಾಕ್ಯವನ್ನೇ ಅವರು 2012ರ ತಮ್ಮ ಪುಸ್ತಕದಲ್ಲಿ ಕೆದಕಿ ನೋಡಿದ್ದಾರೆ. ಲೋಟದ ನೀರಿನಲ್ಲಿ ಅಣುಗಳು ಸುಮ್ಮನೆ ಬಿಡಿಬಿಡಿಯಾಗಿ ಕೂತಿಲ್ಲ. ಒಂದಕ್ಕೊಂದು ಹೆಣೆದುಕೊಂಡು, ಪ್ರೋಟಾನುಗಳನ್ನು ಕೈ ಬದಲಿಸುತ್ತಿರುತ್ತವೆ. 25 ಡಿಗ್ರಿಯಲ್ಲಿ ಸುಮಾರು 55 ಕೋಟಿ ಅಣುಗಳಲ್ಲಿ ಒಂದು ಅಯಾನುಗಳಾಗಿ ಒಡೆದಿರುತ್ತದೆ. ಆ ಒಂದರಿಂದಲೇ ಶುದ್ಧ ನೀರಿಗೂ ಒಂದಿಷ್ಟು ವಿದ್ಯುತ್ ಹರಿಸುವ ಗುಣ.

ನನಗೆ ಇದರ ಅತ್ಯುತ್ತಮ ಸಾಕ್ಷಿ 'ಆಮ್ಲ' ಎಂಬ ಶಬ್ದ. ನೀರಿನಲ್ಲಿ ಹೈಡ್ರೋಜನ್ ಅಯಾನು ಕೊಡುವುದೇ ಆಮ್ಲ ಎಂಬ ಅರ್ಹೇನಿಯಸ್‌ನ ವ್ಯಾಖ್ಯೆ ಒಂದು. ಪ್ರೋಟಾನು ಕೊಡುವುದು ಆಮ್ಲ ಎಂಬ 1923ರ ಬ್ರಾನ್‌ಸ್ಟೆಡ್ ಮತ್ತು ಲೌರಿಯವರದು ಇನ್ನೊಂದು, ಎಲೆಕ್ಟ್ರಾನು ಜೋಡಿಯನ್ನು ಪಡೆಯುವುದು ಆಮ್ಲ ಎಂಬ ಅದೇ ವರ್ಷದ ಲೂಯಿಸ್‌ನದು ಮತ್ತೊಂದು. ಮೂರೂ ಇಂದಿಗೂ ಬಳಕೆಯಲ್ಲಿವೆ, ಸಂದರ್ಭ ನೋಡಿ ನಾವು ಆರಿಸಿಕೊಳ್ಳುತ್ತೇವೆ. ಲೂಯಿಸ್‌ನ ಆಮ್ಲ, ಬೋರಾನ್ ಟ್ರೈಫ್ಲೋರೈಡ್, ಕೊಡಲು ಅದರ ಬಳಿ ಪ್ರೋಟಾನೇ ಇಲ್ಲ. ಭೌತಶಾಸ್ತ್ರದ ಯಾವ ಒಂದೇ ರಾಶಿಗೆ 'ಆಮ್ಲ'ವನ್ನು ಇಳಿಸುತ್ತೀರಿ?

ಇತಿಹಾಸ ಈ ನಿಲುವಿನ ಪರವಾಗಿ ಜೋರಾಗಿಯೇ ಮಾತಾಡುತ್ತದೆ. ಮೆಂಡಲೀಫ್‌ನ ಆವರ್ತ ಕೋಷ್ಟಕ 1869ರದು. ಆತ ಖಾಲಿ ಬಿಟ್ಟ ಮನೆಗಳಲ್ಲಿ ಗ್ಯಾಲಿಯಮ್ 1875ರಲ್ಲಿ, ಜರ್ಮೇನಿಯಮ್ 1886ರಲ್ಲಿ ಬಂದು ಕೂತವು. ಇಂಗಾಲದ ನಾಲ್ಕು ಬಂಧಗಳು ಚತುಷ್ಫಲಕದ ಮೂಲೆಗಳತ್ತ ಚಾಚಿವೆ ಎಂದು ವಾಂಟ್ ಹಾಫ್ ಮತ್ತು ಲೆ ಬೆಲ್ ಹೇಳಿದ್ದು 1874ರಲ್ಲಿ. ಎಲೆಕ್ಟ್ರಾನು ಪತ್ತೆಯಾದದ್ದು 1897ರಲ್ಲಿ! ಭೌತಶಾಸ್ತ್ರ ಬಂದು ಬಾಗಿಲು ತಟ್ಟುವ ಮುನ್ನವೇ ರಸಾಯನಶಾಸ್ತ್ರ ತನ್ನ ಮನೆಯನ್ನು ಕಟ್ಟಿಕೊಂಡಿತ್ತು.

ಗಣಿತದ ಖರ್ಚು ಇಲ್ಲಿ ಅತಿ ಕಡಿಮೆ, ಪ್ರಯೋಗಶಾಲೆಯ ಖರ್ಚು ಅತಿ ಹೆಚ್ಚು. ಕೈಗೆ ಬಣ್ಣ ಹತ್ತದೆ ಈ ನಿಲುವನ್ನು ಹಿಡಿದವರ ಮಾತು ಟೊಳ್ಳಾಗಿ ಕೇಳುತ್ತದೆ. ಅಪಾಯವೂ ಇದೆ. ನಮ್ಮ ಪಾಡಿಗೆ ನಾವು ಎಂದು ಬಾಗಿಲು ಹಾಕಿಕೊಂಡರೆ ಚಿನ್ನದ ಹಳದಿಯೂ ಬ್ಯಾಟರಿಯ ವೋಲ್ಟೂ ಹೊರಗೇ ಉಳಿಯುತ್ತವೆ. ಗಣಿತಕ್ಕೆ ಅಂಜಿ ಈ ನಿಲುವಿನ ಹಿಂದೆ ಅಡಗಿಕೊಂಡ ಕೆಲವರನ್ನು ನಾನು ಬಲ್ಲೆ. ಅದು ನಿಲುವಿಗೆ ಮಾಡುವ ಅವಮಾನ.

ನಾಲ್ಕು: ಅರ್ಧ ಇಳಿಕೆ

ಆವರ್ತ ಕೋಷ್ಟಕದ ಮೇಲೆ ಜೀವನವಿಡೀ ಕೆಲಸ ಮಾಡಿದ ಎರಿಕ್ ಸ್ಕೆರಿ ಅವರ ಬರವಣಿಗೆಯಿಂದ ಈ ದಾರಿ ಸ್ಪಷ್ಟವಾಗುತ್ತದೆ. ಇಳಿಕೆ ಸಾಧ್ಯವೋ ಅಲ್ಲವೋ ಎಂದು ಒಂದೇ ಏಟಿಗೆ ತೀರ್ಪು ಕೊಡಬೇಡಿ, ಒಂದೊಂದು ಸಂಗತಿಯಲ್ಲಿ ಎಷ್ಟು ದೂರ ಇಳಿದಿದೆ ಎಂದು ಅಳೆಯಿರಿ.

ಉದಾಹರಣೆಗೆ, ನ್ಯೂಕ್ಲಿಯಸ್ಸಿನ ಸುತ್ತಲಿನ ಕವಚಗಳಲ್ಲಿ 2, 8, 18, 32 ಎಲೆಕ್ಟ್ರಾನುಗಳೇ ಏಕೆ ಹಿಡಿಸುತ್ತವೆ ಎಂಬುದು ಕ್ವಾಂಟಂ ಸಂಖ್ಯೆಗಳು ಮತ್ತು ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನು ಇರಲಾರವು ಎಂಬ ಪೌಲಿಯ ನಿಯಮದಿಂದ ಚೊಕ್ಕವಾಗಿ ಬರುತ್ತದೆ. ಆದರೆ 3ಡಿ ಎಂಬ ಉಪಕವಚಕ್ಕಿಂತ 4ಎಸ್ ಎಂಬುದು ಮೊದಲು ತುಂಬುತ್ತದೆ ಎಂಬ, ಪಿಯುಸಿಯಲ್ಲಿ ಬಾಯಿಪಾಠ ಮಾಡಿಸುವ ಆ ಕ್ರಮ? ಅದನ್ನು ಮೂಲತತ್ತ್ವಗಳಿಂದ ಸಾಧಿಸಿಲ್ಲ ಎಂದು ಸ್ವೀಡನ್ನಿನ ಕ್ವಾಂಟಂ ರಸಾಯನಶಾಸ್ತ್ರಜ್ಞ ಲೋವ್ಡಿನ್ 1969ರಲ್ಲೇ ಎತ್ತಿ ತೋರಿಸಿದ್ದರು. ಕ್ರೋಮಿಯಮ್ ಮತ್ತು ತಾಮ್ರ ಆ ಕ್ರಮವನ್ನು ಮೀರುತ್ತವೆ. ಸ್ಕ್ಯಾಂಡಿಯಮ್ ಅಯಾನು ಆಗುವಾಗ ಮೊದಲು ಹೊರಡುವುದು 4ಎಸ್‌ನ ಎಲೆಕ್ಟ್ರಾನೇ. ಮೊದಲು ತುಂಬಿದ್ದು ಮೊದಲೇ ಏಕೆ ಹೋಯಿತು ಎಂದು ಕೇಳಿದ ಹುಡುಗನಿಗೆ ಬೈಯ್ಯುವ ಬದಲು ಬೆನ್ನು ತಟ್ಟಬೇಕು. ಹೀಲಿಯಮ್ಮನ್ನೂ ನೋಡಿ. ಎಲೆಕ್ಟ್ರಾನು ಎಣಿಸಿದರೆ ಅದು ಬೆರಿಲಿಯಮ್ಮಿನ ಮೇಲೆ ಕೂರಬೇಕು, ನಡತೆ ನೋಡಿದರೆ ನಿಯಾನಿನ ಮೇಲೆ. ನಾವು ನಡತೆ ನೋಡಿ ಕೂರಿಸಿದ್ದೇವೆ.

ಇದರ ಖರ್ಚು ತಾಳ್ಮೆ. ಎರಡೂ ವಿಷಯಗಳನ್ನು ಮಟ್ಟಸವಾಗಿ ಕಲಿಯಬೇಕು, ವಾದದಲ್ಲಿ ಒಂದೇ ಮಾತಿಗೆ ಗೆಲ್ಲುವ ಸುಖವನ್ನು ಬಿಡಬೇಕು.

ಯಾರಿಗೆ ಯಾವುದು

ಭೌತಶಾಸ್ತ್ರದ ಎಂಎಸ್‌ಸಿಗೆ ಹೋಗಿ ಅಣು, ಘನವಸ್ತುಗಳ ಲೆಕ್ಕದಲ್ಲಿ ತೊಡಗುವವರು ಇಳಿಕೆವಾದವನ್ನು ಕೆಲಸದ ನಿಲುವಾಗಿ ಹಿಡಿಯಿರಿ. ಕೆಲಸ ಮಾಡಿಸುವ ಶಕ್ತಿ ಅದಕ್ಕಿದೆ. ತತ್ತ್ವತಃ ಸಾಧ್ಯ ಎಂಬ ಭರವಸೆ ಇಲ್ಲದೆ ಕೊಲೋಸ್, ವೊಲ್ನೀವಿಚ್ ಅಷ್ಟು ದೂರ ಹೋಗುತ್ತಿರಲಿಲ್ಲ. ನಿಮ್ಮ ಇನ್‌ಪುಟ್ ಕಡತದ ಮೊದಲ ಸಾಲುಗಳಲ್ಲಿ ಪರಮಾಣುಗಳ ಸ್ಥಾನವನ್ನು ನೀವೇ ಬರೆದಿದ್ದೀರಿ ಎಂಬುದನ್ನು ಮಾತ್ರ ಮರೆಯಬೇಡಿ.

ಸಾವಯವ ಸಂಶ್ಲೇಷಣೆ, ಔಷಧ ಕಂಪನಿಯ ಪ್ರಯೋಗಶಾಲೆ, ಮೆಣಸಿನಕಾಯಿಯ ಬಣ್ಣ ತೆಗೆಯುವ ಕಾರ್ಖಾನೆ ಎಂದು ಹೊರಟವರಿಗೆ ಬಹುತ್ವ ಹೆಚ್ಚು ಒಗ್ಗುತ್ತದೆ. ಅಲ್ಲಿ ಬೆಳಗಾದರೆ ಬೇಕಾಗುವುದು ಆಮ್ಲ, ಕ್ರಿಯಾಗುಂಪು, ದ್ರಾವಕ ಎಂಬ ಮಾತುಗಳೇ. ವರ್ಷಕ್ಕೊಮ್ಮೆಯಾದರೂ ಒಂದು ಕ್ವಾಂಟಂ ಲೆಕ್ಕ ಮಾಡಿ, ಬಾಗಿಲು ತುಕ್ಕು ಹಿಡಿಯದಿರಲಿ. ನೆಟ್ ಪರೀಕ್ಷೆಯಲ್ಲಿ ರಾಸಾಯನಿಕ ವಿಜ್ಞಾನ, ಭೌತ ವಿಜ್ಞಾನ ಬೇರೆ ಬೇರೆ ಪತ್ರಿಕೆಗಳು. ಅಂಕಕ್ಕಾಗಿ ಇದರಲ್ಲಿ ಯಾವ ನಿಲುವೂ ಬೇಕಿಲ್ಲ.

ಪಿಯುಸಿ ಅಥವಾ ಹೈಸ್ಕೂಲಿನಲ್ಲಿ ಪಾಠ ಹೇಳುವವರಿಗೆ ನಾಲ್ಕನೆಯದು. ಯಾವುದು ಸಾಧಿಸಿದ್ದು, ಯಾವುದು ಅನುಕೂಲಕ್ಕೆ ಹೇಳಿದ್ದು ಎಂದು ಮಕ್ಕಳೆದುರು ಬೇರ್ಪಡಿಸಿ ಹೇಳುವ ಧೈರ್ಯವನ್ನು ಅದು ಕೊಡುತ್ತದೆ. ತತ್ತ್ವಶಾಸ್ತ್ರದ ಕಡೆಯಿಂದ ಬಂದವರು, ಜೀವ ಮತ್ತು ಮನಸ್ಸಿನ ಪ್ರಶ್ನೆಗಳಲ್ಲಿ ಆಸಕ್ತಿ ಇರುವವರು ಹೊಮ್ಮುವಿಕೆಯಿಂದ ಆರಂಭಿಸಿ. ಬ್ರಾಡ್‌ನ ಕಥೆಯನ್ನು ಜೇಬಿನಲ್ಲಿಟ್ಟುಕೊಳ್ಳಿ.

ಸಮಯ ತೀರ ಕಡಿಮೆ ಇರುವವರು, ಒಂದು ಸಂಜೆಯಷ್ಟೇ ಸಿಗುವವರು, ಎಥನಾಲ್-ಈಥರ್ ಪ್ರಶ್ನೆಯೊಂದನ್ನೇ ಹಿಡಿದು ಕೂಡಿ.

ನನ್ನದು? ಬಹುಪಾಲು ಸಂಗತಿಗಳಲ್ಲಿ ನಾನು ನಾಲ್ಕನೆಯ ದಾರಿಯವಳು. ಅಣುವಿನ ಆಕಾರದ ವಿಷಯ ಬಂದಾಗ ಮಾತ್ರ ಒಂದು ಕಾಲು ಎರಡನೆಯದರಲ್ಲಿದೆ. ಇಪ್ಪತ್ತು ವರ್ಷಗಳಲ್ಲಿ ಆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವಂಥ ವಾದ ನನಗೆ ಸಿಕ್ಕಿಲ್ಲ. ಸಿಕ್ಕರೆ ಎಳೆದುಕೊಳ್ಳುತ್ತೇನೆ.

ಬ್ಯಾಡಗಿಯ ಹುಡುಗಿಗೆ ನಾನು ಯಾವ ಕೋರ್ಸನ್ನೂ ಹೇಳಲಿಲ್ಲ. ಒಂದು ಬಿಳಿ ಹಾಳೆ ಕೊಟ್ಟು, ಒಂಬತ್ತು ನ್ಯೂಕ್ಲಿಯಸ್ಸು ಮತ್ತು 26 ಎಲೆಕ್ಟ್ರಾನುಗಳಿಂದ ಹೊರಟು ಎಥನಾಲ್ ಬಾಟಲಿಯ ತನಕ ಒಂದೊಂದೇ ಹೆಜ್ಜೆ ಬರೆಯಲು ಹೇಳಿದೆ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲೊಂದು ಗೆರೆ. ಆ ಗೆರೆಯ ಮೇಲಿನ ಅರ್ಧವನ್ನು ಇನ್ನೂ ಸೂಕ್ಷ್ಮ ಮಾಡಬೇಕು ಅನಿಸಿದರೆ ಭೌತಶಾಸ್ತ್ರದ ಅರ್ಜಿ ತುಂಬು. ಕೆಳಗಿನ ಅರ್ಧದಲ್ಲಿ ಕೈಯಾಡಿಸಬೇಕು ಅನಿಸಿದರೆ ರಸಾಯನಶಾಸ್ತ್ರದ್ದು. ಗೆರೆಯೇ ಕಾಡುತ್ತಿದ್ದರೆ ಎರಡರಲ್ಲಿ ಯಾವುದನ್ನಾದರೂ ಹಿಡಿದು ಸೈದ್ಧಾಂತಿಕ ರಸಾಯನಶಾಸ್ತ್ರದ ಕಡೆ ನಡೆ, ಎಂದೆ. ಅವಳು ಹಾಳೆಯನ್ನು ಮಡಚಿಕೊಂಡು ಹೋಗಿದ್ದಾಳೆ. ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ಒಂಬತ್ತು ದಿನಗಳಿವೆ. ನೀವೂ ಬರೆದರೆ ತನ್ನಿ. ಸಂಜೆ ಆರರ ನಂತರ ನಾನು ಕಟ್ಟೆಯ ಮೇಲೆಯೇ ಇರುತ್ತೇನೆ.